ತಿರುವಿನ ಏರಿನಲ್ಲಿ ನಿಲ್ಲುತ್ತಿದ್ದ ಜೀಪು

ಸ್ಪ್ಯಾನರಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರು ಹೇಳುತ್ತಿದ್ದರು. ತಪ್ಪು. ಮೂಗಿನ ತುದಿಯಲ್ಲಿ ಕೂತು ಕಾಯುವಷ್ಟು ಪುರಸೊತ್ತು ಅವಳ ಕೋಪಕ್ಕೆ ಎಲ್ಲಿತ್ತು? ಅದು ನೇರವಾಗಿ ಬಾಯಿಗೇ ಬರುತ್ತಿತ್ತು. ಬೆಳಿಗ್ಗೆ ಅಂಗಳದಲ್ಲಿ ಬಾನೆಟ್ ಎತ್ತಿ ನಿಂತವಳನ್ನು ದಾರಿಹೋಕರು ಯಾರಾದರೂ "ಏನಕ್ಕಾ, ಮತ್ತೆ ಕೈ ಕೊಡ್ತಾ?" ಎಂದು ಕೇಳಿದರೆ ಮುಗಿಯಿತು. "ಕೈ ಕೊಡ್ಲಿ ಅಂತಾನೇ ಕಾಯ್ತಾ ಇದ್ದೀಯಲ್ಲ, ನಿನ್ ಹೊಟ್ಟೆ ತಣ್ಣಗಾಯ್ತಾ? ನಡಿ!" ಎಂದು ಅಟ್ಟಿಬಿಡುತ್ತಿದ್ದಳು. ಒಮ್ಮೆ ಒಬ್ಬ ಮೆಕ್ಯಾನಿಕ್ ಮೇಲೆ ಸ್ಪ್ಯಾನರ್ ಎಸೆದಳಂತೆ, ಅದಕ್ಕೇ ಆ ಅಡ್ಡಹೆಸರು. ಎಸೆದಿದ್ದು ನಿಜ. ತಗುಲಿದ್ದು ಮಾತ್ರ ಸುಳ್ಳು.

ಜೀಪು ಅವಳ ಗಂಡನದು. ಯಾವುದೋ ಹರಾಜಿನಲ್ಲಿ ತಂದಿದ್ದ, ಆಗಲೇ ಅದಕ್ಕೆ ಅರ್ಧ ಆಯಸ್ಸು ಮುಗಿದಿತ್ತು. ಎಡಬಾಗಿಲಿಗೆ ತಂತಿ ಬಿಗಿದಿತ್ತು, ವೈಪರನ್ನು ಕೈಯಲ್ಲೇ ತಿರುಗಿಸಬೇಕಿತ್ತು, ಹಾರ್ನು ಮನಸ್ಸು ಬಂದಾಗ ಕೂಗುತ್ತಿತ್ತು. ಆದರೆ ಲಿವರ್ ಎಳೆದು ಮುಂದಿನ ಎರಡು ಚಕ್ರಕ್ಕೂ ಎಂಜಿನ್ನಿನ ಬಲ ಕೊಟ್ಟರೆ ಗುಡ್ಡದ ಕಲ್ಲುಹಾದಿಯನ್ನು ಉಡದ ಹಾಗೆ ಕಚ್ಚಿಕೊಂಡು ಹತ್ತುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳೇ ಅದರಲ್ಲಿ ಕ್ವಾರಿಯ ಕಲ್ಲುಕುಟಿಗರನ್ನು ಬೆಳಿಗ್ಗೆ ಮೇಲಕ್ಕೆ, ಸಂಜೆ ಕೆಳಕ್ಕೆ ಸಾಗಿಸುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಆ ಬಾಡಿಗೆಯೊಂದರಿಂದಲೇ.

ಅಂಗಳದ ಆಚೆ ಬದಿಯಲ್ಲಿ ಮೈದುನನ ಗ್ಯಾರೇಜು, ಅದರ ಹಿಂದೆ ಅವನ ಒಂದು ಕೋಣೆ. ಈಚೆ ಬದಿಯಲ್ಲಿ ಅವಳೂ ಅವಳ ಅತ್ತೆಯೂ. ಗಂಡ ಸತ್ತ ಹೊಸದರಲ್ಲಿ ಮೈದುನ ಒಂದು ಮಾತು ಆಡಿದ್ದ: "ಅತ್ತಿಗೆ, ಈ ಗುಜರಿ ಮಾರಿಬಿಡಿ. ಕ್ವಾರಿ ಬಾಡಿಗೆ ನನ್ ಪಿಕಪ್ಪಲ್ಲೇ ಹೊಡೀತೀನಿ. ನೀವು ಮನೇಲಿ ಆರಾಮಾಗಿರಿ." ಒಳ್ಳೆಯ ಮನಸ್ಸಿನಿಂದ ಹೇಳಿದನೋ ಕೆಟ್ಟ ಮನಸ್ಸಿನಿಂದ ಹೇಳಿದನೋ ಆ ದೇವರೇ ಬಲ್ಲ. ಅವಳ ಕಿವಿಗೆ ಬಿದ್ದದ್ದು ಇಷ್ಟೇ: ಇವನಿಗೆ ನನ್ನ ಅನ್ನದ ಮೇಲೆ ಕಣ್ಣು. ಅಂದಿನಿಂದ ಅವರಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧವಾಯಿತು. ಜೀಪಿನ ಒಂದು ನಟ್ಟನ್ನೂ ಅವನು ಮುಟ್ಟುವ ಹಾಗಿರಲಿಲ್ಲ. ಆಯಿಲ್ ಬದಲಿಸುವುದು, ಬ್ರೇಕ್ ಬಿಗಿ ಮಾಡುವುದು, ಚಕ್ರದ ಮೇಲಿನ ಕಮಾನುಪಟ್ಟಿಗಳ ನಡುವೆ ಗ್ರೀಸ್ ತುಂಬುವುದು, ಎಲ್ಲ ಅವಳದೇ. ಗೊತ್ತಿಲ್ಲದ್ದನ್ನು ಬಿಚ್ಚಿ ನೋಡಿ ಕಲಿತಳು. ಬಿಚ್ಚಿದ್ದು ವಾಪಸ್ ಕೂರದಿದ್ದರೆ ಅತ್ತೆಯ ಮೇಲೆ ರೇಗಿದಳು.

ಈ ನಡುವೆ ಟ್ಯಾಂಕಿನಲ್ಲಿ ಡೀಸೆಲ್ ಬೇಗ ಇಳಿಯುತ್ತಿದೆ ಎಂದು ಅವಳಿಗೆ ಅನುಮಾನ ಬಂತು. ಹಳೇ ಎಂಜಿನ್ನು ಕುಡಿಯುವುದೇ ಹಾಗೆ. ಆದರೆ ಅಂಗಳದ ಆಚೆ ಮೈದುನ ಇರುವಾಗ ಎಂಜಿನ್ನನ್ನು ಯಾರು ಬೈಯುತ್ತಾರೆ? ಅವಳು ಬೇರೆ ಬೀದಿಯ ಗೇಟು ಮಾಡುವವನ ಹತ್ತಿರ ಹೋಗಿ, ಟ್ಯಾಂಕಿನ ಮುಚ್ಚಳದ ಮೇಲೆ ದಪ್ಪ ತಗಡು ಕೂರಿಸಿ, ಸುತ್ತ ವೆಲ್ಡಿಂಗ್ ಮಾಡಿಸಿ, ಎರಡು ಕಿವಿ ಇಡಿಸಿ ಬೀಗ ಜಡಿದಳು. ಕೊಳವೆ ತೂರಿಸುವಷ್ಟೂ ಸಂದಿ ಇರಬಾರದೆಂದು ಒಳಗೆ ಹಳೇ ಟ್ಯೂಬಿನ ರಬ್ಬರನ್ನು ಉಂಗುರದ ಹಾಗೆ ಕತ್ತರಿಸಿ ಕೂರಿಸಿದಳು. ಬೀಗದ ಕೈ ಅಡುಗೆಮನೆಯ ಮೊಳೆಯಲ್ಲಿ ತೂಗಿತು. "ಈಗ ಕದಿ ನೋಡೋಣ," ಎಂದು ಮೈದುನನಿಗೆ ಕೇಳಿಸುವ ಹಾಗೆ ಜೀಪಿಗೇ ಹೇಳಿದಳು.

ಅದಾದ ಮೇಲೆ ಶುರುವಾಯಿತು ನೋಡಿ ಪೀಕಲಾಟ. ಕೆಳಗಿನಿಂದ ಜೀಪು ಚೆನ್ನಾಗಿಯೇ ಹೊರಡುತ್ತಿತ್ತು. ಗುಡ್ಡ ಅರ್ಧ ಹತ್ತಿ, ತಿರುವಿನ ಏರಿಗೆ ಬರುತ್ತಿದ್ದಂತೆ ಶಕ್ತಿ ಕಳೆದುಕೊಂಡು, ಕೆಮ್ಮಿ, ಉಸಿರು ಬಿಟ್ಟು ನಿಂತುಬಿಡುತ್ತಿತ್ತು. ಅವಳು ಬಾನೆಟ್ ಎತ್ತಿ ಡೀಸೆಲ್ ಪೈಪಿಗೆ ಗಾಳಿ ಸೇರಿ ಏರ್ ಹಿಡಿದಿದೆಯೆಂದು ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ನೊರೆ ಹೋಗಿ ಬರೀ ಡೀಸೆಲ್ ಬರುವ ತನಕ ಕಾದು, ಮತ್ತೆ ಬಿಗಿ ಮಾಡುತ್ತಿದ್ದಳು. ಅಷ್ಟರಲ್ಲಿ ಜೀಪು ಸ್ಟಾರ್ಟ್ ಆಗುತ್ತಿತ್ತು. ತನ್ನ ಕೈಗುಣ ಎಂದು ಅವಳು ಅಂದುಕೊಂಡಳು. ಮರುದಿನ ಅದೇ ತಿರುವು, ಅದೇ ಕೆಮ್ಮು.

ಅವಳೇನು ಸುಮ್ಮನೆ ಕೂರುವವಳೇ! ಫಿಲ್ಟರ್ ಹೊಸದು ಹಾಕಿದಳು. ಡೀಸೆಲ್ ಪೈಪನ್ನು ಬಿಚ್ಚಿ, ಬಿರುಕು ಇದ್ದಲ್ಲೆಲ್ಲ ಕತ್ತರಿಸಿ, ಹೊಸ ತುಂಡು ಸೇರಿಸಿದಳು. ಪಂಪನ್ನೇ ಬಿಚ್ಚಿ ಹಳೇ ಬಟ್ಟೆಯ ಮೇಲೆ ಹರಡಿ, ವಾಲ್ವುಗಳನ್ನು ತೊಳೆದು, ಸ್ಪ್ರಿಂಗನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂರಿಸಿದಳು. ಮೈಯೆಲ್ಲ ಡೀಸೆಲ್ ವಾಸನೆ. "ಊಟದ ತಟ್ಟೇಲೂ ಅದೇ ನಾತ," ಎಂದು ಅತ್ತೆ ಗೊಣಗಿದರೆ, "ಮೂಗು ಮುಚ್ಕೊಂಡ್ ಉಣ್ಣಿ," ಎಂದಳು. ಏನು ಮಾಡಿದರೂ ಅಷ್ಟೇ. ತಿರುವಿನ ಏರಿನಲ್ಲಿ ಕಲ್ಲುಕುಟಿಗರು ಇಳಿದು, ಸುತ್ತಿಗೆ ಉಳಿ ಹೊತ್ತುಕೊಂಡು, ಅವಳಿಗೆ ಕೇಳಿಸದ ಹಾಗೆ ಬೈಯುತ್ತಾ ನಡೆದೇ ಹೋಗುತ್ತಿದ್ದರು.

ಕೊನೆಗೆ ಕ್ವಾರಿ ಮೇಸ್ತ್ರಿ ಮನೆಬಾಗಿಲಿಗೇ ಬಂದ. "ನೋಡಕ್ಕಾ, ನಂಗೆ ನಿನ್ ಕಷ್ಟ ಅರ್ಥ ಆಗುತ್ತೆ. ಆದ್ರೆ ಆಳುಗಳು ಬಿಸಿಲೇರಿದ ಮೇಲೆ ಬಂದ್ರೆ ನನ್ ತಲೆ ಮೇಲೆ ಕೂರ್ತಾರೆ ಸಾಹುಕಾರ್ರು. ನಾಳೆ ಒಂದ್ಸಲ ನೋಡ್ತೀನಿ. ನಿಂತ್ರೆ ಮುಗೀತು, ಬಾಡಿಗೆ ನಿನ್ ಮೈದುನಂಗೆ."

ಮೈದುನನಿಗೆ! ಅವಳ ಅಂಗಾಲಿನ ಉರಿ ನೆತ್ತಿಗೇರಿತು. ಆಗಲೇ ಅವಳ ತಲೆಯಲ್ಲಿ ಎಲ್ಲ ಲೆಕ್ಕ ಕೂಡಿಬಂತು. ಬೀಗ ಹಾಕಿದ ಮೇಲೆಯೇ ತೊಂದರೆ ಶುರುವಾದದ್ದು. ಕದಿಯಲು ಆಗಲಿಲ್ಲ, ಅದಕ್ಕೇ ಕೆಡಿಸಿದ್ದಾನೆ. ಬಿರಬಿರನೆ ಅಂಗಳ ದಾಟಿದವಳೇ, ಯಾವುದೋ ವ್ಯಾನಿನ ಅಡಿಯಲ್ಲಿ ಮಲಗಿದ್ದ ಮೈದುನನ ಕಾಲನ್ನು ಚಪ್ಪಲಿಯಿಂದ ತಿವಿದಳು.

"ಎದ್ದು ಬಾ ಈಚೆ! ನನ್ ಟ್ಯಾಂಕಿಗೆ ಏನ್ ಸುರಿದಿದ್ದೀಯ?"

ಅವನು ಮಸಿ ಮುಖ ಹೊತ್ತು ಹೊರಬಂದ. "ಏನ್ ಅತ್ತಿಗೆ ಇದು? ಬೀಗ ಜಡಿದು ಕೂತಿದ್ದೀರಲ್ಲ, ನಾನೇನು ಇರುವೆಯಾಗಿ ಒಳಗೆ ನುಗ್ಗಿದ್ನಾ?"

"ಬೀಗ ತೆಗೆಯೋದು ನಿಂಗೇನು ಬ್ರಹ್ಮವಿದ್ಯೆನಾ? ದಿನಾ ಕೀ ಕಳ್ಕೊಂಡೋರ ಗಾಡಿ ಬಿಚ್ಚೋನು ನೀನು! ಕಸ ಹಾಕಿದ್ದೀಯ. ನನ್ ಹೊಟ್ಟೆ ಮೇಲೆ ಹೊಡೆಯೋಕೆ ಹಾಕಿದ್ದೀಯ!"

ಎದುರಿನ ಚಹಾ ಅಂಗಡಿಯ ಬೆಂಚು ತುಂಬಾ ಜನ. ಎಲ್ಲರೂ ಲೋಟ ಕೆಳಗಿಟ್ಟರು. ಪುಕ್ಕಟೆ ತಮಾಷೆ ಯಾರಿಗೆ ಬೇಡ?

"ಅಮ್ಮನಾಣೆ, ನಾನು ಆ ಜೀಪಿನ ಹತ್ರಕ್ಕೂ ಬಂದಿಲ್ಲ. ನಿಮ್ ಕೈಲಿ ಆಗಲ್ಲ ಅಂದ್ರೆ ಆಗಲ್ಲ ಅನ್ನಿ ಅತ್ತಿಗೆ. ನನ್ ಮೇಲ್ಯಾಕೆ ಹಾಕ್ತೀರಿ?"

ಆ ಮಾತು ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. "ನಾಳೆ ಗುಡ್ಡದ ಮೇಲೆ, ಎಲ್ಲರ ಮುಂದೆ ಟ್ಯಾಂಕ್ ತೆಗೀತೀನಿ. ನಿನ್ ಬಣ್ಣ ಬಯಲು ಮಾಡ್ತೀನಿ," ಎಂದು ಹಲ್ಲು ಕಡಿದು ಬಂದುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೊಸೆಯನ್ನೂ ನೋಡಲಿಲ್ಲ, ಮಗನನ್ನೂ ನೋಡಲಿಲ್ಲ.

ಬೆಳಿಗ್ಗೆ ಅವಳು ಅಡುಗೆಮನೆಯ ಮೊಳೆಯಿಂದ ಬೀಗದ ಕೈ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಳು. ಜೀಪಿನಲ್ಲಿ ಕಲ್ಲುಕುಟಿಗರು ತುಂಬಿದ್ದರು. ಹಿಂದೆಯೇ ಮೈದುನನ ಪಿಕಪ್ಪು, ಅದರಲ್ಲಿ ಮೇಸ್ತ್ರಿ. ಹೆಣ ಬೀಳುವ ಮುಂಚೆಯೇ ಚಟ್ಟ ಕಟ್ಟಿಕೊಂಡು ಬಂದ ಹಾಗಿತ್ತು. ಕನ್ನಡಿಯಲ್ಲಿ ಆ ಪಿಕಪ್ಪನ್ನು ನೋಡಿದಾಗಲೆಲ್ಲ ಅವಳು ಗೇರನ್ನು ಬೇಕಾದ್ದಕ್ಕಿಂತ ಜೋರಾಗಿ ಎಳೆದಳು.

ತಿರುವಿನ ಏರು ಬಂತು. ಜೀಪು ಕೆಮ್ಮಿತು, ನಿಂತಿತು.

ಈ ಸಲ ಅವಳು ಬಾನೆಟ್ಟಿನ ಕಡೆಗೆ ಹೋಗಲೇ ಇಲ್ಲ. ಚಕ್ರಕ್ಕೆ ಕಲ್ಲು ಕೊಟ್ಟವಳೇ ಹಿಂದೆ ಹೋಗಿ ಬೀಗ ತೆಗೆದಳು. "ಬನ್ರಪ್ಪಾ, ನೋಡಿ ನಮ್ ಮನೆಯೋನ ಘನಂದಾರಿ ಕೆಲ್ಸ!" ಎಂದು ಮುಚ್ಚಳ ತಿರುಗಿಸಿದಳು. ಅದು ಜಪ್ಪಯ್ಯ ಅಂದರೂ ಕದಲಲಿಲ್ಲ, ಒಳಗಿನಿಂದ ಯಾರೋ ಎಳೆದು ಹಿಡಿದಂತೆ. ಎರಡೂ ಕೈ ಹಾಕಿದಳು. ಯಾರೋ ನಕ್ಕರು. ಸಿಟ್ಟಿಗೆ ಸುತ್ತಿಗೆಯ ಹಿಡಿಯಿಂದ ಪಕ್ಕಕ್ಕೆ ಎರಡೇಟು ಕೊಟ್ಟು ಮತ್ತೆ ತಿರುಗಿಸಿದಳು.

ಉಸ್ಸ್ ಎಂದು ಉದ್ದಕ್ಕೆ ಗಾಳಿ ಒಳಗೆ ನುಗ್ಗಿತು. ಒಳಕ್ಕೆ ಜಗ್ಗಿಹೋಗಿದ್ದ ಟ್ಯಾಂಕಿನ ತಗಡು ಡಬ್ ಎಂದು ಹೊರಕ್ಕೆ ಬಂತು.

ಅವಳ ಕೈ ಹಾಗೇ ನಿಂತಿತು. ಪಂಪು ಬಿಚ್ಚಿ ಜೋಡಿಸಿದವಳಿಗೆ ಇದು ಅರ್ಥವಾಗದೆ ಇದ್ದೀತೇ? ಡೀಸೆಲ್ ಹೋದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಮುಚ್ಚಳದಲ್ಲಿ ಅದಕ್ಕೆಂದೇ ಒಂದು ಸಣ್ಣ ತೂತು ಇತ್ತು. ಅದರ ಮೇಲೆ ತಗಡು ಬೆಸೆಯಿಸಿದವಳು ಅವಳು, ಉಳಿದ ಸಂದಿಗೆ ರಬ್ಬರು ತುರುಕಿದವಳೂ ಅವಳೇ. ಏರು ಹತ್ತುವಾಗ ಎಂಜಿನ್ನು ಜಾಸ್ತಿ ಎಳೆದೆಳೆದು, ಟ್ಯಾಂಕು ಡೀಸೆಲ್ ಬಿಡದಂತಾಗಿ ನಿಲ್ಲುತ್ತಿತ್ತು. ಅವಳು ಫಿಲ್ಟರಿನ ಹತ್ತಿರ ಒದ್ದಾಡುವಷ್ಟರಲ್ಲಿ ರಬ್ಬರಿನ ಸಂದಿಯಿಂದ ಇಷ್ಟಿಷ್ಟೇ ಗಾಳಿ ಸೇರಿ ಮತ್ತೆ ಹೊರಡುತ್ತಿತ್ತು. ಆದರೂ ಕಡ್ಡಿಯೊಂದನ್ನು ಟ್ಯಾಂಕಿನ ತಳದ ತನಕ ಇಳಿಸಿ ಎತ್ತಿದಳು. ಕಸವಿಲ್ಲ, ಮಣ್ಣಿಲ್ಲ, ಏನೂ ಇಲ್ಲ.

ಗಾಳಿಯ ಸದ್ದು ಮೈದುನನಿಗೂ ಕೇಳಿಸಿತ್ತು. ಪಿಕಪ್ಪಿನಿಂದ ಜಿಗಿದು ಓಡಿಬಂದ. "ಅತ್ತಿಗೆ! ಮುಚ್ಚಳಕ್ಕೆ ಏನ್ ತುರುಕಿದ್ದೀರಿ? ಟ್ಯೂಬಾ? ಅಯ್ಯೋ ರಾಮಾ, ಗಾಳಿ ಎಲ್ಲಿಂದ ಹೋಗ್ಬೇಕು? ಮೇಸ್ತ್ರಿ, ಕೇಳುಸ್ತಾ ನಿಮಗೆ? ಬೀಗ ಹಾಕೋಕೆ ಹೋಗಿ ಇವರೇ ಟ್ಯಾಂಕಿನ ಕತ್ತು ಹಿಸುಕಿದ್ದಾರೆ!"

ಮೇಸ್ತ್ರಿ ಅವಳ ಮುಖ ನೋಡಿದ. ಕಲ್ಲುಕುಟಿಗರೂ ನೋಡಿದರು. "ಏನಕ್ಕಾ? ಕಸ ಇತ್ತಾ, ಇಲ್ವಾ?"

ಒಂದು ಮಾತು ಸಾಕಿತ್ತು. ಇಲ್ಲ ಎಂದರೆ ತನ್ನ ಕೈಯಾರೆ ತನ್ನ ಜೀಪು ಕೆಡಿಸಿಕೊಂಡ ದಡ್ಡಿಯಾಗುತ್ತಿದ್ದಳು, ಬೀದಿಯಲ್ಲಿ ನಿಂತು ಕೂಗಾಡಿದ್ದಕ್ಕೆಲ್ಲ ತಲೆ ತಗ್ಗಿಸಬೇಕಾಗುತ್ತಿತ್ತು, ಬಾಡಿಗೆಯೂ ಕೈಬಿಟ್ಟು ಹೋಗುತ್ತಿತ್ತೋ ಏನೋ.

"ಇತ್ತು," ಎಂದಳು. ಡೀಸೆಲಿನಲ್ಲಿ ನೆನೆದು ಕಪ್ಪಾಗಿದ್ದ ಕಡ್ಡಿಯನ್ನು ಎಲ್ಲರಿಗೂ ಕಾಣುವಂತೆ ಒಮ್ಮೆ ಎತ್ತಿ ಇಳಿಜಾರಿಗೆ ಎಸೆದುಬಿಟ್ಟಳು.

"ಎಲ್ಲಿತ್ತು? ತೋರ್ಸಿ! ಆ ಕಡ್ಡಿ ತನ್ನಿ, ತೋರ್ಸಿ!" ಮೈದುನನ ಗಂಟಲು ಒಡೆಯಿತು. ಕಲ್ಲುಕುಟಿಗರು ಗೊಳ್ಳೆಂದು ನಕ್ಕರು. "ಸಿಕ್ಕಿಬಿದ್ದ ಮೇಲೆ ಗಾಳಿ ಪಾಠ ಹೇಳ್ತಾನೆ ನೋಡ್ರೋ!" ಎಂದ ಒಬ್ಬ. ಮುಚ್ಚಳವನ್ನು ಸಡಿಲವಾಗಿ ಕೂರಿಸಿ ಅವಳು ಕೀ ತಿರುಗಿಸಿದಳು. ಜೀಪು ಒಂದೇ ಉಸಿರಿಗೆ ಏರು ಹತ್ತಿಹೋಯಿತು. ಹಿಂದೆ ಮೇಸ್ತ್ರಿ ಮೈದುನನಿಗೆ ಹೇಳುತ್ತಿದ್ದ: "ಒಂದೇ ಮನೆಯೋರಾಗಿ ಇಂಥಾ ಕೆಲ್ಸಾನಾ? ನಿನ್ ಪಿಕಪ್ಪೂ ಬೇಡ, ನಿನ್ ಸಹವಾಸವೂ ಬೇಡ."

ಬಾಡಿಗೆ ಉಳಿಯಿತು. ಆ ಸಂಜೆ ಅಂಗಳದಲ್ಲಿ ಅವಳು ಮುಚ್ಚಳದ ರಬ್ಬರನ್ನು ಕಿತ್ತು ಕಸದ ತೊಟ್ಟಿಗೆ ಬಿಸಾಕಿದಳು. ನಲ್ಲಿಯಲ್ಲಿ ಕೈ ತಿಕ್ಕುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ನಿಂತಳು. ಕೈಯಲ್ಲಿ ಆ ರಬ್ಬರಿತ್ತು.

"ನನ್ ಮಗ ನಿನ್ ಟ್ಯಾಂಕಿಗೆ ಕಸ ಹಾಕಿದ್ನಾ?"

"ಊರೆಲ್ಲಾ ಹೇಳ್ತಿದೆಯಲ್ಲ."

"ಊರನ್ನ ಕೇಳಲಿಲ್ಲ, ನಿನ್ನ ಕೇಳಿದೆ. ಇಬ್ಬರು ಮಕ್ಕಳೂ ಈ ಅಂಗಳದಲ್ಲೇ ಗಾಡಿ ಬಿಚ್ಚೋದು ನೋಡ್ತಾ ಮುದುಕಿಯಾಗಿದ್ದೀನಿ. ಕಸ ಇದ್ದಿದ್ರೆ ಇದನ್ಯಾಕೆ ಕಿತ್ತೆ?"

ಅವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು. "ನಿಮಗೆ ಊಟ ಹಾಕ್ಲಾ, ಬೇಡ್ವಾ?"

ಅತ್ತೆ ರಬ್ಬರನ್ನು ನಲ್ಲಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಅಂಗಳ ದಾಟಿ, ಮೈದುನನ ಕೋಣೆಗೆ ಹೋಗಿಬಿಟ್ಟಳು.

ಗ್ಯಾರೇಜಿಗೆ ಬರುವವರು ಕಡಿಮೆಯಾದರು. ಅತ್ತಿಗೆಯ ಟ್ಯಾಂಕಿಗೇ ಕಸ ಹಾಕಿದವನ ಕೈಗೆ ತಮ್ಮ ಗಾಡಿ ಯಾರು ಕೊಡುತ್ತಾರೆ? ಮೈದುನ ಖಾಲಿ ಗ್ಯಾರೇಜಿನಲ್ಲಿ ಸ್ಪ್ಯಾನರುಗಳನ್ನು ಒರೆಸಿ ಒರೆಸಿ ಇಡುವುದು ಅವಳ ಕಿಟಕಿಗೆ ಕಾಣುತ್ತಿತ್ತು. ಗೆದ್ದವಳು ಅವಳು, ಆದರೂ ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು. ರೇಗೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ಕಲ್ಲುಕುಟಿಗರು "ಅಕ್ಕಾ, ಜೀಪು ಕುದುರೆ ಆಗಿದೆ!" ಎಂದು ಹೊಗಳಿದರೆ, "ಬಾಯ್ಮುಚ್ಕೊಂಡು ಕೂತ್ಕೊಳ್ರೋ!" ಎಂದು ಹರಿಹಾಯ್ದಳು. ಮುಚ್ಚಳ ಸಡಿಲವಾಗಿದ್ದರಿಂದ ಏರಿನಲ್ಲಿ ಡೀಸೆಲ್ ತುಳುಕುತ್ತಿತ್ತು. ಬಿಗಿ ಮಾಡಬೇಕೆಂದರೆ ತೂತು ಹಾಕಬೇಕು. ಒಂದು ಮೊಳೆ, ಒಂದು ಸುತ್ತಿಗೆ, ಅಷ್ಟೇ ಕೆಲಸ.

ಅವಳು ಮೊಳೆ ಹುಡುಕಲಿಲ್ಲ. ರಜೆಯ ದಿನ ಚಹಾ ಅಂಗಡಿಯಲ್ಲಿ ಕಲ್ಲುಕುಟಿಗರೂ ಮೇಸ್ತ್ರಿಯೂ ಕೂತಿದ್ದಾಗ, ಮುಚ್ಚಳ ಹಿಡಿದುಕೊಂಡು ಬೀದಿಯ ನಡುವೆಯೇ ನಡೆದು ಗ್ಯಾರೇಜಿನ ಮುಂದೆ ನಿಂತಳು.

"ಏಯ್, ಎಲ್ಲರೂ ಕೇಳಿಸ್ಕೊಳ್ಳಿ!" ಜಗಳಕ್ಕೆ ಬಂದವಳ ಹಾಗೆಯೇ ಇತ್ತು ದನಿ, ಬೇರೆ ದನಿ ಅವಳಿಗೆ ಗೊತ್ತಿರಲಿಲ್ಲ. "ಟ್ಯಾಂಕಲ್ಲಿ ಕಸ ಇರ್ಲಿಲ್ಲ. ಗಾಳಿ ಹೋಗೋ ತೂತು ಮುಚ್ಚಿಸಿದ್ದು ನಾನು. ಸುಳ್ಳು ಹೇಳಿದ್ದೂ ನಾನೇ. ಯಾರಿಗಾದ್ರೂ ನಗು ಬಂದ್ರೆ ಈಗ್ಲೇ ನಕ್ಕು ಮುಗಿಸಿ!"

ಯಾರೂ ನಗಲಿಲ್ಲ. ಮೇಸ್ತ್ರಿ ಲೋಟದೊಳಗೆ ನೋಡಿದ. ಅವಳು ಮೈದುನನ ಕಡೆ ತಿರುಗಿ ಮುಚ್ಚಳ ಚಾಚಿದಳು. "ಇದಕ್ಕೊಂದು ತೂತು ಹಾಕ್ಕೊಡಪ್ಪಾ," ಎಂದಳು. ಆ 'ಅಪ್ಪಾ' ಹೊರಡುವಷ್ಟರಲ್ಲಿ ಅವಳ ಕಿವಿ ಕೆಂಪಾಗಿತ್ತು. ಮದುವೆಯಾಗಿ ಬಂದಂದಿನಿಂದ ಅವನಿಗೆ ಅಷ್ಟು ಮೆತ್ತಗೆ ಏನನ್ನೂ ಹೇಳಿರಲಿಲ್ಲ.

ಅವನು ಮುಚ್ಚಳ ತೆಗೆದುಕೊಂಡ. ಮೇಜಿಗೆ ಬಿಗಿದಿದ್ದ ವೈಸಿನ ದವಡೆಗೆ ಸಿಕ್ಕಿಸಿ, ಅತಿ ಸಣ್ಣ ಡ್ರಿಲ್ ಆರಿಸಿ, ನಿಧಾನಕ್ಕೆ ತೂತು ಕೊರೆದ. ಚೂರನ್ನು ಊದಿ, ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಿಂದ ಒರೆಸಿದ. ಒಳಗಿನ ಕೋಣೆಯಲ್ಲಿದ್ದ ಅತ್ತೆಗೆ ಎಲ್ಲ ಕೇಳಿಸಿರಲೇಬೇಕು. ಹೊರಗೆ ಬರಲಿಲ್ಲ. ಮುಚ್ಚಳವನ್ನು ಅವನು ಅವಳ ಕೈಗೆ ಕೊಡದೆ ಮೇಜಿನ ತುದಿಯಲ್ಲಿಟ್ಟ, ಎಲ್ಲ ಗಿರಾಕಿಗಳಿಗೂ ಇಡುವ ಜಾಗದಲ್ಲಿ.

"ಆಯ್ತಮ್ಮಾ," ಎಂದ, ಮುಖ ನೋಡದೆ. "ಬೇರೇನಾದ್ರೂ ಕೆಲ್ಸ ಇತ್ತಾ?"

ಎಷ್ಟು ಕಚ್ಚಾಡಿದರೂ ಅವನು ಅವಳನ್ನು ಅತ್ತಿಗೆ ಅನ್ನದೆ ಕರೆದದ್ದಿಲ್ಲ. ಅವಳು ಬಾಯಿ ತೆರೆದಳು. ಜನ್ಮಕ್ಕೆ ಮೊದಲ ಸಲ ಅವಳಿಗೆ ಬೈಯಲು ಒಂದು ಮಾತೂ ಸಿಗಲಿಲ್ಲ.

"ಇಲ್ಲ," ಎಂದು ಮುಚ್ಚಳ ಎತ್ತಿಕೊಂಡು ಹೊರಟಳು.