ಸೀಸ ತುಂಬಿದ ಕವಡೆ

ಅಕ್ಕನ ಮಗಳಿಗೆ ಫಿಸಿಕ್ಸ್ ಹೇಳಿಕೊಡಲು ಕೂತು ಹಳೆಯ ಡಬ್ಬಿ ತೆರೆದರೆ, ಕವಡೆಗಳ ನಡುವೆ ಅದೂ ಇತ್ತು. ಹೊಟ್ಟೆಯಲ್ಲಿ ಸೀಸ ತುಂಬಿದ ಕವಡೆ. ತುಂಬಿದ ಪುಣ್ಯಾತ್ಮ ನಾನೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಕ್ಕ ಇನ್ನಷ್ಟು ಸೇರಿಸಿ ಹೇಳುತ್ತಾಳೆ.

ಕ್ರೋಂಪೇಟೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಫಿಸಿಕ್ಸ್ ಮಿಸ್ಸಿನ ಊರು ಮೈಸೂರು. ಪ್ಲಸ್ ಟೂನಲ್ಲಿ ನಾನು ಫಿಸಿಕ್ಸ್ ಒಂದರಲ್ಲಿ ಡುಮ್ಕಿ ಹೊಡೆದಿದ್ದೆ. ಮರುಪರೀಕ್ಷೆಯೂ ಕೈಕೊಟ್ಟರೆ ಒಂದು ವರ್ಷ ಮಣ್ಣುಪಾಲು. ನನಗೆ ಪಾಠ ಹೇಳಲು ಅಮ್ಮ ಕಾಡಿ ಬೇಡಿ ಅವರನ್ನು ಒಪ್ಪಿಸಿದ್ದಳು. ಮಿಸ್ ಚೌಕಾಬಾರದ ಕವಡೆಗಳನ್ನು ನೆಲಕ್ಕೆ ಚೆಲ್ಲುತ್ತಿದ್ದರು. ಒಂದೊಂದೂ ಒಂದು ಅಸ್ಥಿರ ಪರಮಾಣು. ಅಂಗಾತ ಬಿದ್ದದ್ದು ಕ್ಷಯಿಸಿತು, ಪಕ್ಕಕ್ಕಿಡು. ಬೋರಲಾಗಿ ಉಳಿದದ್ದನ್ನು ಮತ್ತೆ ಚೆಲ್ಲು. ಪ್ರತಿ ಸಲವೂ ಸುಮಾರು ಅರ್ಧ ಖಾಲಿ. ಅದೇ ಅರ್ಧಾಯು.

ನನ್ನದು ಒಂದೇ ಹಟ: ಮುಂದಿನದು ಯಾವುದು? ಇಷ್ಟು ಸಲ ಉಳಿದದ್ದಕ್ಕೆ ಸುಸ್ತಾಗಿರಬೇಕಲ್ಲ, ಇನ್ನು ಅದು ಅಂಗಾತ ಬೀಳಲೇಬೇಕು ಎಂದು ವಾದಿಸುತ್ತಿದ್ದೆ.

"ಅದಕ್ಕೆ ವಯಸ್ಸೂ ಆಗಲ್ಲ, ಸುಸ್ತೂ ಆಗಲ್ಲ ಕಣೋ. ಯಾವುದು, ಯಾವಾಗ ಅಂತ ಕೇಳಬೇಡ. ಎಷ್ಟು ಅಂತ ಕೇಳು," ಎಂದು ಮಿಸ್ ಹಣೆ ಚಚ್ಚಿಕೊಳ್ಳುತ್ತಿದ್ದರು. ಅದನ್ನೇ ನಾನು ಮೆಟ್ಟಿಲಿಳಿಯುತ್ತ ಅಭಿನಯಿಸುತ್ತಿದ್ದೆ…

ಕೊನೆಗೊಂದು ದಿನ ಕಾಸಿಮೇಡಿನ ಮೀನುಗಾರರಿಂದ ಬಲೆಗೆ ಕಟ್ಟುವ ಸೀಸದ ಗುಂಡು ತಂದು, ಒಂದು ಕವಡೆಯ ಬಾಯಿಗೆ ತುರುಕಿ ಅಂಟು ಹಾಕಿದೆ. ಅಂದು ಎಲ್ಲವೂ ಅಂಗಾತವಾದವು, ಅದೊಂದು ಮಾತ್ರ ಬೋರಲು. ಮಿಸ್ ಚೆಲ್ಲಿದರು, ಮತ್ತೆ ಚೆಲ್ಲಿದರು… ನಾನು ಅವರದೇ ದನಿಯಲ್ಲಿ, ಯಾವಾಗ ಅಂತ ಕೇಳಬಾರದು ಎಂದು ಬುದ್ಧಿ ಹೇಳಿದೆ.

ಮರುಪರೀಕ್ಷೆಯಲ್ಲಿ ಅರ್ಧಾಯುವಿನ ಪ್ರಶ್ನೆಯೇ ಬಂತು, ಪಾಸಾದೆ. ಮಿಸ್ ಹೋದ ವರ್ಷ ಇದ್ದಕ್ಕಿದ್ದಂತೆ ತೀರಿಕೊಂಡರು. ಡಬ್ಬಿಯನ್ನು ನನಗೆ ಕೊಟ್ಟವರು ಅವರ ಯಜಮಾನರು. ಆ ಕವಡೆಯನ್ನು ಮಿಸ್ ಎಸೆದಿರಲೇ ಇಲ್ಲ. ಯಾಕೆ ಇವರೇ, ಯಾಕೆ ಈಗಲೇ ಎಂದು ನಾನು ಆವತ್ತೂ ಕೇಳಿದೆ. ಕೇಳಬೇಡ ಎಂದು ಎಷ್ಟು ಹೇಳಿದ್ದರೋ…

"ಮಾಮಾ, ಅಡುತ್ತದು ಎದು?" ಮುಂದಿನದು ಯಾವುದೆಂದು ಅಕ್ಕನ ಮಗಳು ತಮಿಳಿನಲ್ಲಿ ಪ್ರಾಣ ತಿನ್ನುತ್ತಿದ್ದಾಳೆ. ಹಣೆ ಚಚ್ಚಿಕೊಂಡೆ. ಈ ಸಲ ಅಭಿನಯವಲ್ಲ.

ಊರಿನವರೆಲ್ಲರ ದನಿ ಅಣಕಿಸಲು ಬರುವ ನನಗೆ, ಸೀಸದ ಕವಡೆ ಸಿಕ್ಕಿಬಿದ್ದ ದಿನದ ಮಿಸ್ ದನಿ ಮಾತ್ರ ಇನ್ನೂ ಬಂದಿಲ್ಲ. ಅವರು ಕವಡೆಯನ್ನು ಅಂಗೈಯಲ್ಲಿ ತೂಗಿ, ಒಳಗಿದ್ದ ಸೀಸ ಕಂಡು, ಪುಸ್ತಕದಲ್ಲಿ ನಾನು ಓದದೇ ಬಿಟ್ಟಿದ್ದ ಪುಟ ತೆಗೆದರು. ಯುರೇನಿಯಂ ಕ್ಷಯಿಸುತ್ತ ಕ್ಷಯಿಸುತ್ತ ಕೊನೆಗೆ ಸೀಸವಾಗಿ, ಆಮೇಲೆ ಏನೂ ಆಗದೆ ಸುಮ್ಮನೆ ಕೂತುಬಿಡುತ್ತದೆ ಎಂದು ಅಲ್ಲಿತ್ತು. ನನ್ನ ಮುಖ ನೋಡಿದರು.

"ಯುರೇನಿಯಂಗೆ ಸೀಸ ಆಗೋಕೆ ನೂರಾರು ಕೋಟಿ ವರ್ಷ ಬೇಕು ಕಣೋ. ನೀನು ಹದಿನೇಳಕ್ಕೇ ಆಗ್ಬಿಟ್ಟೆ."