ಮಾಳಿಂಗಪ್ಪ ಕಲಿತ ಒಡಪು

ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಮಾಳಿಂಗಪ್ಪನಿಗೆ ಊರಿಟ್ಟ ಹೆಸರು ಉಗ್ಗ ಮಾಳ್ಯಾ. ಊರಿಗೇನು, ಬಾಯಿಗೆ ಬಂದದ್ದು ಕರೆಯುತ್ತದೆ. ಎಲ್ಲ ಅಕ್ಷರಗಳೂ ಅವನನ್ನು ಸತಾಯಿಸುತ್ತಿದ್ದವು, ಅದರಲ್ಲೂ ‘ಕ’ ಬಂತೆಂದರೆ ಮುಗಿಯಿತು. ಗಂಟಲ ನರ ಉಬ್ಬಿ ‘ಕ ಕ ಕ’ ಅನ್ನುವಷ್ಟರಲ್ಲಿ ಎದುರಿನವರು ಮಾತನ್ನು ತಾವೇ ಮುಗಿಸಿ ನಕ್ಕುಬಿಡುತ್ತಿದ್ದರು. ಅವನು ಕಟ್ಟಿಕೊಳ್ಳಬೇಕಿದ್ದ ಹುಡುಗಿಯ ಹೆಸರೋ, ಕರೆಮ್ಮ! ಚೇಷ್ಟೆ ಮಾಡಲು ದೇವರಿಗೆ ಬೇರೆ ಯಾರೂ ಸಿಗಲಿಲ್ಲ ನೋಡಿ.

ಕರೆಮ್ಮ ಪಾಮನಕಲ್ಲೂರಿನ ಗದ್ದೆಪ್ಪನ ಮಗಳು. ಗದ್ದೆಪ್ಪ ಮಾಳಿಂಗಪ್ಪನ ಸೋದರಮಾವ. ಮಾಳಿಂಗಪ್ಪನ ತಾಯಿ ಸಾಯುವ ಮುಂಚೆ ತಮ್ಮನ ಕಿವಿಗೆ ಈ ಮದುವೆಯ ಮಾತು ಹಾಕಿಯೇ ಹೋಗಿದ್ದಳು. ಹುಡುಗಿಗೂ ಮನಸ್ಸಿತ್ತು. ಸಂತೆಗೆ ಬಂದಾಗಲೆಲ್ಲ ಅಂಗಡಿಯ ಮುಂದೆ ನಿಂತು, ಅವನು ಒಂದು ಮಾತು ಪೂರ್ತಿ ಮಾಡುವತನಕ ಕಾಯುತ್ತಿದ್ದಳು. ಮಸ್ಕಿಯಲ್ಲಿ ಹಾಗೆ ಕಾಯುತ್ತಿದ್ದವಳು ಅವಳೊಬ್ಬಳೇ.

ಮಾಳಿಂಗಪ್ಪ ಹೆದರುತ್ತಿದ್ದದ್ದು ಮದುವೆಗಲ್ಲ, ಮದುವೆಯ ಹೊಸಿಲಿಗೆ. ನಮ್ಮ ಕಡೆ ಹೊಸ ಜೋಡಿ ಮನೆಯೊಳಗೆ ಬರುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಪ್ರಾಸ ಕೂಡಿಸಿ ಒಡಪು ಕಟ್ಟಿ, ಅದರಲ್ಲಿ ಹೆಂಡತಿಯ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಇಡೀ ಊರಿನೆದುರು ‘ಕ ಕ’ ಎಂದು ನಿಂತು ತನ್ನ ಜೊತೆ ಅವಳನ್ನೂ ನಗೆಪಾಟಲು ಮಾಡಲೇ? ಇವತ್ತು ನಾಳೆ ಎನ್ನುತ್ತ ಅವನು ವರ್ಷಗಳನ್ನು ದೂಡಿದ.

ತೊಂಬತ್ತಮೂರರಲ್ಲಿ, ಸಿಂಧನೂರಿನಿಂದ ಬೊಂಬಾಯಿಗೆ ಅಕ್ಕಿ ಒಯ್ಯುತ್ತಿದ್ದ ಲಾರಿ ಡ್ರೈವರ್ ಶೇಕ್ಷಾವಲಿ ಒಂದು ಇಂಗ್ಲಿಷ್ ಕ್ಯಾಸೆಟ್ ತಂದು ಎಸೆದ.

“ಲೇ ಮಾಳ್ಯಾ, ಇದು ಹಾಡೋ ಜಗಳೋ ಒಂದೂ ತಿಳೀವಲ್ದು. ಅಳಿಸಿ ಭಜನಿಪದ ತುಂಬಿ ಕೊಡು.”

ಅಳಿಸುವ ಮುಂಚೆ ಒಂದಿಷ್ಟು ಕೇಳೋಣವೆಂದು ಮಾಳಿಂಗಪ್ಪ ಗುಂಡಿ ಒತ್ತಿದ. ಮೊದಲಿಗೆ ಆ ಹಾಡುಗಾರ ಹೊಟ್ಟೆ ಹಿಡಿದುಕೊಂಡವನಂತೆ ಗಹಗಹಿಸಿ ನಕ್ಕ. ಆಮೇಲೆ ಡ್ರಮ್ಮು. ಆಮೇಲೆ ಒಡಕು ಗಂಟಲಲ್ಲಿ ಮಾತು, ಬರೀ ಮಾತು! ರಾಗವಿಲ್ಲ, ಆಲಾಪವಿಲ್ಲ. ಒಂದು ಶಬ್ದ ಹಿಡಿದರೆ ಅದರ ಮೊದಲ ಅಕ್ಷರವನ್ನು ಮೂರು ಸಲ, ನಾಲ್ಕು ಸಲ ಕುಟ್ಟಿ, ತಡೆದು, ಆಮೇಲೆ ಬಿಡುತ್ತಿದ್ದ. ಮಾಳಿಂಗಪ್ಪನ ಮೈ ಜುಂ ಎಂದಿತು. ಅಯ್ಯೋ, ಇವನೂ ನನ್ನಂಥವನೇ! ಇವನೂ ಉಗ್ಗ! ಆದರೆ ಯಾರೂ ಇವನ ಮಾತು ಕಸಿದುಕೊಳ್ಳುತ್ತಿಲ್ಲ. ಡ್ರಮ್ಮು ಇವನಿಗಾಗಿ ನಿಂತು ಕಾಯುತ್ತದೆ. ಶೇಕ್ಷಾವಲಿಗೆ ಬೇರೊಂದು ಕ್ಯಾಸೆಟ್ಟಿನಲ್ಲಿ ಭಜನೆ ತುಂಬಿಕೊಟ್ಟು, ಇದನ್ನು ತಾನೇ ಇಟ್ಟುಕೊಂಡ.

ದಿನಾ ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿ, ಆ ಡ್ರಮ್ಮಿಗೆ ತನ್ನ ಒಡಪು ಕೂಡಿಸತೊಡಗಿದ. ಇಂಗ್ಲಿಷಿನ ಒಂದಕ್ಷರ ತಿಳಿಯದು, ತಿಳಿಯುವುದು ಬೇಕಾಗಿಯೂ ಇರಲಿಲ್ಲ. ಎರಡು ತಿಂಗಳಿಗೆ ನಾಲಿಗೆ ಸಡಿಲಾಯಿತು.

“ಮಸ್ಕಿ ಗುಡ್ಡಕ ಮೋಡ ಬಂದಾವ ಮೂರು, ಪಾಮನಕಲ್ಲೂರು ನಮ್ಮ ಮಾವನ ಊರು, ಕರೆಮ್ಮನ ಕರಕೊಂಡು ಬಂದೀನಿ, ಬಾಗಿಲಾ ತೆರೀರಿ ಎಲ್ಲಾರು!”

ಕರೆಮ್ಮ! ಎಲ್ಲೂ ತೊಡರದೆ ಬಂತು. ಖುಷಿಗೆ ಅವನು ಒಬ್ಬನೇ ಕೂತು ಅತ್ತ. ಡ್ರಮ್ಮು ನಿಲ್ಲಿಸಿದರೆ ಮಾತ್ರ ಮತ್ತೆ ಮೊದಲಿನ ‘ಕ ಕ’ವೇ. ಡ್ರಮ್ಮಿಲ್ಲದೆಯೂ ಬರಲಿ, ಆಮೇಲೆ ಮಾವನ ಮನೆಗೆ ಹೆಣ್ಣು ಕೇಳಲು ಹೋಗುತ್ತೇನೆ ಎಂದುಕೊಂಡ. ಹುಚ್ಚಪ್ಪ! ಒಡಪು ಹೇಳುವುದು ಹುಡುಗಿ ಕೈಗೆ ಬಂದ ಮೇಲೆ ಅಲ್ಲವೇ?

ಒಂದು ಮಧ್ಯಾಹ್ನ ಗದ್ದೆಪ್ಪನೇ ಅಂಗಡಿಗೆ ಬಂದ. ಕೂರಲಿಲ್ಲ.

“ಅಳಿಯಾ, ಬಳಗಾನೂರಿನವರು ಹುಡುಗೀನ ನೋಡಿ ಹೋಗ್ಯಾರ. ಸಂಜೀಕ ಮಾತು ಕೊಡಬೇಕು. ಅಕ್ಕನ ಮಗ ನೀ ಇರುವಾಗ ಹೊರಗ ಹೆಂಗ ಕೊಡ್ಲಿ ಅಂತ ಕೇಳಾಕ ಬಂದೀನಿ. ನನ್ನ ಮಗಳು ಬೇಕೋ ಬ್ಯಾಡೋ?”

ಮಾಳಿಂಗಪ್ಪ ಟೇಪಿನ ಕಡೆ ತಿರುಗಿದ. ಮಾವನೆದುರು ಇವತ್ತು ಉಗ್ಗಬಾರದು. ಒಡಪನ್ನೇ ಹೇಳಿಬಿಡುತ್ತೇನೆ, ಅವಳ ಹೆಸರು ನನ್ನ ಬಾಯಲ್ಲಿ ಹೇಗೆ ಬರುತ್ತದೆಂದು ಕೇಳಲಿ! ತಡಿ ಎಂದು ಅಂಗೈ ತೋರಿಸಿ ಟೇಪಿನ ಗುಂಡಿ ಒತ್ತಿದ.

ಟೇಪಿನೊಳಗಿನವನು ಗಹಗಹಿಸಿ ನಕ್ಕ.

ಗದ್ದೆಪ್ಪನ ಮುಖ ಕಪ್ಪಿಟ್ಟಿತು. “ಮಗಳ ಮಾತು ತಗದ್ರ ನಗೋ ಹಾಡು ಹಚ್ತೀಯೇನಲೇ? ಬ್ಯಾಡಾದ್ರ ಬ್ಯಾಡ ಅನ್ನು. ಮರ್ಯಾದಿ ಯಾಕ ಕಳೀತಿ?”

ಟವೆಲ್ಲು ಕೊಡವಿ ಹೊರಟೇಹೋದ. ಡ್ರಮ್ಮು ಆಗ ಶುರುವಾಯಿತು. ಮಾಳಿಂಗಪ್ಪ ಬೀದಿಗೆ ಓಡಿದ. ಟೇಪಿನ ಸದ್ದು ಅಂಗಡಿಯಲ್ಲೇ ಉಳಿದು ನಾಲಿಗೆ ಮತ್ತೆ ಕಟ್ಟಿತು. ಪಾಮನಕಲ್ಲೂರಿನ ಬಸ್ಸು ಮಾವನನ್ನು ಹತ್ತಿಸಿಕೊಂಡು ಅವನ ಮುಖದ ಮೇಲೆಯೇ ಧೂಳೆಬ್ಬಿಸಿ ಹೋಯಿತು. ಮರುದಿನ ಅವನು ಮಾವನ ಮನೆಯ ಬಾಗಿಲಿಗೆ ಹೋಗಿ ‘ಕ ಕ’ ಎಂದು ನಿಂತ. ಅಷ್ಟೊತ್ತಿಗೆ ಬಳಗಾನೂರಿಗೆ ಮಾತು ಹೋಗಿಯಾಗಿತ್ತು. ಕೊಟ್ಟ ಮಾತು ತಿರುಗಿಸುವ ಪೈಕಿಯಲ್ಲ ಗದ್ದೆಪ್ಪ.

ಎರಡು ವರ್ಷದ ಮೇಲೆ ಒಂದು ಸಂತೆಯ ದಿನ ಕರೆಮ್ಮ ತವರಿಗೆ ಹೊರಟವಳು ಅಂಗಡಿಗೆ ಬಂದಳು, ಕಂಕುಳಲ್ಲಿ ಕೂಸು. ಅವನು ಎದ್ದು ನಿಂತು, ಬೆವರುತ್ತ, ನಡೆದದ್ದನ್ನೆಲ್ಲ ಹೇಳಿದ. ಟೇಪು ಹಚ್ಚಲಿಲ್ಲ. ಸಂತೆ ಮುಗಿದು ಬಸ್ಸೊಂದು ಹೋಯಿತು, ಇನ್ನೊಂದೂ ಹೋಯಿತು. ಒಂದಕ್ಷರವನ್ನೂ ಅವನ ಬಾಯಿಂದ ಕಸಿಯದೆ ಅವಳು ಕೇಳಿದಳು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮಾವ, ನಮ್ಮಪ್ಪ ನಿನ್ನ ಒಡಪು ಕೇಳಾಕ ಬಂದಿದ್ನೇನು? ಬೇಕು ಅಂತ ತಲಿ ಆಡಿಸಿದ್ರ ಸಾಕಿತ್ತಲ್ಲೋ.”

ಮಾಳಿಂಗಪ್ಪ ಹೌದೆಂದು ತಲೆಯಾಡಿಸಿದ.