ಬೋಣಿಗೆ ಮುಂಚಿನ ಬಿಳಿ ಸೀರೆ

ಯಾರಿಗೂ ಎದುರು ಮಾತಾಡುವುದಿಲ್ಲ ಎಂದು ಮಾಳವ್ವ ತಮ್ಮ ಅವ್ವನಿಗೆ ಮಾತು ಕೊಟ್ಟದ್ದು ಘೋಣಸಗಿಯಲ್ಲಿ, ಮದುವೆಯಾಗಿ ವಿಜಯಪುರದ ಬಸ್ಸು ಹತ್ತುವಾಗ. ಅವ್ವ ಹೊಳೆವ್ವ ಮಗಳ ಗದ್ದ ಹಿಡಿದು ಹೇಳಿದ್ದರು: ‘ಶಹರದಾಗ ಬಾಯಿ ಗಟ್ಟಿ ಮಾಡಬ್ಯಾಡ ಮಗಳ. ನಮ್ಮಂಥವರ ಬಾಯಿ ಗಟ್ಟಿ ಆತಂದ್ರ ಕೆಲಸ ನಿಂದರೂದಿಲ್ಲ.’ ಮಗಳು ತಲೆಯಾಡಿಸಿದ್ದರು. ಈಗ ಆ ಮಗಳಿಗೇ ಮೊಮ್ಮಕ್ಕಳು.

ಬೆಳಕು ಹರಿಯುವ ಹೊತ್ತು. ಗೋಳಗುಮ್ಮಟದ ಕಡೆ ಹೋಗುವ ರಸ್ತೆಯ ಸಾರ್ವಜನಿಕ ಶೌಚಾಲಯದಲ್ಲಿ ಮಾಳವ್ವ ಸೆರಗು ಸಿಕ್ಕಿಸಿ ಸಂಡಾಸು ತಿಕ್ಕುತ್ತಿದ್ದಾರೆ. ಕೀಲಿ ಸೊಂಟದಲ್ಲಿದೆ. ಫಿನೈಲಿನ ಘಾಟಿಗೆ ಕಣ್ಣುರಿ, ತಣ್ಣೀರಿಗೆ ಮರಗಟ್ಟುವ ಬೆರಳು. ಗಂಡ ದಶರಥ ಸೊಂಟ ಹಿಡಿದು ಹಮಾಲಿ ಬಿಟ್ಟ ಮೇಲೆ ಮನೆ ನಡೆಯುವುದು ಈ ಕೀಲಿಯಿಂದಲೇ.

ಚಳಿಗಾಲದಲ್ಲಿ ಇಲ್ಲಿಗೆ ಶ್ರೀಲಂಕಾದ ಬಸ್ಸುಗಳು ಬರುತ್ತವೆ. ಅಜಂತಾ ನೋಡಿ, ಗುಮ್ಮಟ ನೋಡಿ, ಸನ್ನತಿಯ ಸ್ತೂಪದ ಕಡೆ ಹೊರಟ ಬೌದ್ಧ ಯಾತ್ರಿಕರು. ಯಾತ್ರೆಯ ವ್ರತಕ್ಕೆ ಹೆಂಗಸರೆಲ್ಲ ಬಿಳಿ ಸೀರೆ. ಅಡುಗೆಯವನನ್ನೂ ಅಕ್ಕಿಯನ್ನೂ ಜೊತೆಗೇ ತರುತ್ತಾರೆ. ಸ್ನಾನಕ್ಕೆ ಮಾಳವ್ವನ ಬಚ್ಚಲು, ಒಲೆಗೆ ಹೊರಗಿನ ಬೇವಿನ ನೆರಳು.

ಎದುರು ಚಹಾ ಅಂಗಡಿಯ ಪಾಂಡು ಅವರಿಗೆ ಇದು ಸೇರುವುದಿಲ್ಲ. ‘ಚಾ ಅಂತೂ ಕುಡ್ಯಂಗಿಲ್ಲ. ಹೋಗ್ಲಿ ಅಂದ್ರ, ಬೋಣಿ ಆಗೂ ಮೊದ್ಲ ಒಂದ್ ಬಸ್ ತುಂಬ ಗಂಡ ಸತ್ತವರ ಮಾರಿ ನೋಡಬೇಕು ನಾವು.’

ಪಾಂಡು ಅವರ ಈ ಮಾತು ಹೇಳುವಾಗ ಮಾಳವ್ವನಿಗೆ ನಗು. ‘ಅವರ ಗಂಡಂದಿರು ಬಾಜೂಕ ನಿಂತು ಹಲ್ಲು ತಿಕ್ಕಾಕತ್ತಿದ್ರು. ಇವ ಇಲ್ಲಿ ಕುಂತ ಎಲ್ಲಾರನೂ ಸಾಯಿಸ್ಯಾನ.’

ನಗುವಿನ ಹಿಂದೆ ಬೇರೆಯದೂ ಇದೆ. ಮಾಳವ್ವನದೂ ಬೌದ್ಧ ಮನೆತನ. ಬುದ್ಧ ಪೌರ್ಣಮಿಗೆ ಬಿಳಿ ಸೀರೆ ಉಟ್ಟು ವಿಹಾರಕ್ಕೆ ಹೋಗುವುದು ವಾಡಿಕೆ. ಆ ದಿನ ಮಾತ್ರ ಅವರು ಈ ರಸ್ತೆ ತುಳಿಯುತ್ತಿರಲಿಲ್ಲ, ಹಿಂದಿನ ಸಂದಿ ಹಿಡಿಯುತ್ತಿದ್ದರು. ಅಂಗಡಿಯವರ ಬೋಣಿ ಕೆಡಬಾರದಲ್ಲ.

ಹೋದ ಚಳಿಗಾಲ ಅಂಗಡಿಯವರ ದೂರು ಶೌಚಾಲಯದ ಗುತ್ತಿಗೆದಾರ ಧೀರೇಂದ್ರ ಅವರಿಗೆ ಮುಟ್ಟಿತು. ಬಂದು ಮೆತ್ತಗೆ ಹೇಳಿದರು: ‘ಎಲ್ಲಾರದೂ ಬೋಣಿ ಆಗೂತನಕ ಲಂಕಾದವರಿಗಿ ಬಚ್ಚಲಾ ತಗೀಬ್ಯಾಡ ಮಾಳವ್ವ. ತಗದ್ರ ನಾಳಿಂದ ಬರಬ್ಯಾಡ.’

ಮರುದಿನ ನಸುಕಿಗೇ ಬಸ್ಸು ಬಂತು. ಕಾಲು ಬಾತ ಮುದುಕಿಯೊಬ್ಬರು ಟವೆಲು ಹಿಡಿದು, ಮುಚ್ಚಿದ ಬಾಗಿಲ ಮುಂದೆ ನಿಂತರು. ಧೀರೇಂದ್ರ ಕಾಯುತ್ತಿದ್ದರು. ಅಂಗಡಿಯವರೂ ನೋಡುತ್ತಿದ್ದರು. ಮಾಳವ್ವ ಸೊಂಟದಿಂದ ಕೀಲಿ ತೆಗೆದು ರಸ್ತೆಯ ನಡುವೆ ಬಂದು ಕೈ ಚಾಚಿದರು.

‘ತಗೋರಿ ಸಾಹೇಬ್ರ. ಪಾಂಡಣ್ಣ, ನೀ ಆದ್ರೂ ಬಾ. ಯಾರ ಕೈಯಾಗ ಈ ಕೀಲಿ ಬರ್ತದ, ಇವತ್ತಿಂದ ಸಂಡಾಸ ಅವರ ತೊಳೀಲಿ. ನನ್ನ ಕೈಯಾಗ ಇರೂತನಕ ಬಂದವರಿಗಿ ಬಾಗಲಾ ತಗಿಯಾಕಿ ನಾ.’

ಒಂದು ಕೈಯೂ ಮುಂದೆ ಬರಲಿಲ್ಲ. ಪಾಂಡು ತೊಳೆದಿದ್ದ ಗ್ಲಾಸನ್ನೇ ಮತ್ತೆ ತೊಳೆದರು. ಧೀರೇಂದ್ರ ಮೊಬೈಲು ನೋಡುತ್ತ ಆಚೆ ಸರಿದರು. ಮಾಳವ್ವ ಹೋಗಿ ಬಾಗಿಲು ತೆಗೆದರು.

ಸುದ್ದಿ ಕೇಳಿ ಬಬಲೇಶ್ವರಕ್ಕೆ ಕೊಟ್ಟ ಮಗಳು ಯಶೋಧರಾ ಓಡಿ ಬಂದಳು. ‘ಖರೇನ ಕೀಲಿ ಇಸ್ಕೊಂಡಿದ್ರ ಏನ್ ಮಾಡ್ತಿದ್ದಿ ಬೇ?’

‘ಮನಿಗಿ ಬರ್ತಿದ್ನಿ. ಮತ್ತೆಲ್ಲಿಗಿ ಹೋಗ್ಲಿ?’

ಧೀರೇಂದ್ರ ಇನ್ನೂ ಬೇರೆಯವರನ್ನು ಹುಡುಕುತ್ತಿದ್ದಾರೆ. ಸಿಕ್ಕಿದರೆ ತಮ್ಮ ಕೆಲಸ ಹೋಗುತ್ತದೆ ಎಂದು ಮಾಳವ್ವನಿಗೂ ಗೊತ್ತು. ‘ಹುಡುಕ್ಲಿ ಬಿಡ್ರಿ. ಈ ಕೆಲಸಕ್ಕ ಮಂದಿ ಎಲ್ಲಿ ಅದಾರ?’

ಈ ವರ್ಷದ ಬುದ್ಧ ಪೌರ್ಣಮಿಯಂದು ಅವರು ಸಂದಿ ಹಿಡಿಯಲಿಲ್ಲ. ಬಿಳಿ ಸೀರೆ ಉಟ್ಟು, ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗೇ ಈ ರಸ್ತೆಯಲ್ಲಿ ಬಂದು ಪಾಂಡು ಅವರ ಎದುರು ನಿಂತರು.

‘ಬೋಣಿ ಆತೇನ ಪಾಂಡಣ್ಣ?’

‘ಇನ್ನಾ ಇಲ್ಲ.’

‘ಹಂಗಾರ ಒಂದ್ ಚಾ ಕೊಡು. ಬೋಣಿ ನಾನ ಮಾಡ್ತೇನಿ.’

ಪಾಂಡು ಒಲೆ ಹಚ್ಚಿದರು. ಮಾಳವ್ವ ಬೆಂಚಿನ ಮೇಲೆ ಕುಳಿತು, ಆರಿಸಿಕೊಂಡು ಕುಡಿದರು.

ಅವ್ವನಿಗೆ ಕೊಟ್ಟ ಮಾತನ್ನು ಅವರು ಮುರಿದಿದ್ದಾರೆ.